ತಲೆಗಳ ಸಾಲಿನಲ್ಲಿ ನನ್ನದೂ ಒಂದು

ಮಾನ್ವಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಬ್ಯಾನರ್ ಅಂಗಡಿಯಿದೆ. ಹುಟ್ಟುಹಬ್ಬ, ಸ್ವಾಗತ, ಶ್ರದ್ಧಾಂಜಲಿ ಏನೇ ಇರಲಿ, ಫೋಟೊದಿಂದ ತಲೆ ಕತ್ತರಿಸಿ ಬ್ಯಾನರಿಗೆ ಕೂಡಿಸುವುದು ನನ್ನ ಕೆಲಸ. ಫೈಲು ರಾಯಚೂರಿನ ಪ್ರೆಸ್ಸಿಗೆ ಹೋಗುತ್ತದೆ, ಸುರುಳಿ ಸುತ್ತಿದ ಫ್ಲೆಕ್ಸು ಸಂಜೆಯ ಬಸ್ಸಿನಲ್ಲಿ ಬರುತ್ತದೆ. ಮೇಲೆ ದೊಡ್ಡವರ ತಲೆ, ಕೆಳಗೆ ಸಾಲಾಗಿ ಶುಭ ಕೋರುವವರ ತಲೆಗಳು. ಆ ಸಾಲಿನಲ್ಲಿ ತನ್ನ ತಲೆ ಪಕ್ಕದವನದಕ್ಕಿಂತ ಚಿಕ್ಕದಾಯಿತೆಂದು ಮುನಿಸಿಕೊಂಡವರನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೇನೆ.

ಇದನ್ನೆಲ್ಲ ಮಾಡುವುದು ಒಂದು ಮುಕ್ತ ತಂತ್ರಾಂಶದಲ್ಲಿ. ಯಾರ್ಯಾರೋ ಪುಣ್ಯಾತ್ಮರು ಎಲ್ಲೆಲ್ಲೋ ಕೂತು ಬರೆದು, ಒಳಗಿನದೆಲ್ಲ ಬಿಚ್ಚಿಟ್ಟು, ಯಾರು ಬೇಕಾದರೂ ಬಳಸಿ ಎಂದಿದ್ದಾರೆ. ಅದರ ಬಗ್ಗೆ ಕನ್ನಡದಲ್ಲಿ ನನ್ನದೊಂದು ಬ್ಲಾಗೂ ಇದೆ. ಓದುವವರು ಇರಲಿಲ್ಲ. ಹೆಂಡತಿಗೆ ತೋರಿಸಿದರೆ ಛಲೋ ಅದ ಎಂದು ಒಲೆಯ ಕಡೆ ಹೋಗುತ್ತಿದ್ದಳು. ಒಬ್ಬನಾದರೂ ಪೂರ್ತಿ ಓದಲಿ ಎಂದು ನಾನು ಹಂಬಲಿಸುತ್ತಿದ್ದೆ.

ಆ ತಂತ್ರಾಂಶದ ಬಳಗಕ್ಕೆ ಒಂದು ಪುಟವಿದೆ. ಸದಸ್ಯರ ಬ್ಲಾಗುಗಳಲ್ಲಿ ಹೊಸದೇನು ಬಂದರೂ ತಾನಾಗಿ ಎಳೆದುಕೊಂಡು ಒಂದೇ ಕಡೆ ಜೋಡಿಸುತ್ತದೆ. ಹೊಸ ಬರಹ ಮೇಲೆ, ಹಳೆಯದು ಕೆಳಗೆ. ನನ್ನದನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಂಡೆ. ಬ್ಲಾಗಿನ ವಿಳಾಸದ ಜೊತೆಗೆ, ಹಿನ್ನೆಲೆ ತೆಗೆದ ನಿಮ್ಮ ತಲೆಯ ಚಿತ್ರವನ್ನೂ ಕಳಿಸಿ ಎಂದು ಉತ್ತರ ಬಂತು. ಬರಹದ ಪಕ್ಕ ಬರೆದವರ ತಲೆ ಇಡುವುದು ಅವರ ಪದ್ಧತಿಯಂತೆ. ತಾಲ್ಲೂಕಿನ ತಲೆಗಳನ್ನೆಲ್ಲ ಕತ್ತರಿಸಿದವನು ಅವತ್ತು ನನ್ನದಕ್ಕೇ ಕೈ ಹಾಕಿದೆ. ಕಣ್ಣ ಕೆಳಗಿನ ಕಪ್ಪನ್ನು ಒರೆಸಿ, ಕೂದಲನ್ನೂ ಸ್ವಲ್ಪ ದಟ್ಟ ಮಾಡಿದೆ.

ಮರುದಿನ ಪುಟದ ಮೇಲ್ತುದಿಯಲ್ಲಿ ನನ್ನ ತಲೆಯಿತ್ತು. ಸಂಜೆಯ ಹೊತ್ತಿಗೆ ಬೇರೆಯವರು ಬರೆದು ಅದನ್ನು ಕೆಳಕ್ಕೆ ನೂಕಿದರು. ನನಗೆ ಸಿಟ್ಟು ಬಂತು. ಕವಿತಾಳದ ಬಸ್ಸು ತಡವಾದದ್ದು, ಕರೆಂಟು ಹೋದದ್ದು, ಮನೆಯ ಜೋಳದ ರೊಟ್ಟಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬರೆದು ಮತ್ತೆ ಮತ್ತೆ ಮೇಲೇರಿದೆ. ಕೊನೆಗೆ, ಯಾವುದೋ ದೇಶದಲ್ಲಿ ಕೂತು ಆ ಪುಟ ನೋಡಿಕೊಳ್ಳುವಾಕೆ ಬಹಳ ಮರ್ಯಾದೆಯಿಂದ ಬರೆದಳು. ಯಂತ್ರದ ಅನುವಾದದಲ್ಲಿ ಮೊದಲೆರಡು ಸಾಲು ನೋಡಿದಳಂತೆ. ರೊಟ್ಟಿ ರುಚಿಯಾಗಿದ್ದಿರಬೇಕು, ಆದರೆ ನಮ್ಮ ತಂತ್ರಾಂಶದಲ್ಲಿ ನೀವೇನು ಮಾಡುತ್ತೀರಿ ಅದನ್ನು ಬರೆಯಿರಿ, ಇಲ್ಲವಾದರೆ ನಿಮ್ಮ ಬ್ಲಾಗನ್ನು ತೆಗೆಯಬೇಕಾಗುತ್ತದೆ ಎಂದಿದ್ದಳು.

ಗೊತ್ತಿದ್ದ ಮಿಕ್ಕದ್ದನ್ನೆಲ್ಲ ಮೊದಲೇ ಬರೆದಾಗಿತ್ತು. ಬರೆಯುವಂಥದ್ದು ನನ್ನಲ್ಲಿ ಒಂದೇ ಉಳಿದಿತ್ತು, ಅದು ಅಂಗಡಿಯ ಗುಟ್ಟು. ಪರದೆಯ ಮೇಲೆ ಚೆಂದ ಕಾಣುವ ಮುಖ ಫ್ಲೆಕ್ಸಿನ ಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗದಂತೆ ಬಣ್ಣ ಹೊಂದಿಸುವ ಉಪಾಯವನ್ನು ನಾನು ಅದೇ ತಂತ್ರಾಂಶದೊಳಗೆ ಕಂಡುಕೊಂಡಿದ್ದೆ. ದೇವದುರ್ಗದಲ್ಲಿ ಬ್ಯಾನರ್ ಅಂಗಡಿಯಿದ್ದರೂ ಅಲ್ಲಿಯ ಜನ ಮಾನ್ವಿಗೆ ಬರುತ್ತಿದ್ದುದು ಆ ಒಂದೇ ಕಾರಣಕ್ಕೆ. ಎಲ್ಲವನ್ನೂ ಬಿಚ್ಚಿಟ್ಟವರ ಮಾಲನ್ನು ಬಿಟ್ಟಿಯಾಗಿ ಬಳಸುತ್ತ, ನನ್ನದೊಂದಕ್ಕೆ ಮಾತ್ರ ಬೀಗ ಜಡಿದಿದ್ದೆ.

"ಅದನ್ನೂ ಬರದುಬಿಟ್ರ ನಾವು ಉಣ್ಣೂದೇನು?" ಎಂದಳು ಹೆಂಡತಿ.

ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಎಂದು ಅವಳಿಗೆ ಸಮಾಧಾನ ಹೇಳಿದೆ. ಯಾವ ಗುಂಡಿ ಒತ್ತಬೇಕು, ಯಾವ ಬಣ್ಣವನ್ನು ಎಷ್ಟು ತಗ್ಗಿಸಬೇಕು, ಎಲ್ಲವನ್ನೂ ಚಿತ್ರಸಹಿತ ಬರೆದೆ. ನನ್ನ ತಲೆ ಪುಟದಲ್ಲಿ ಉಳಿಯಿತು.

ಸ್ವಲ್ಪ ದಿನಗಳಲ್ಲೇ ದೇವದುರ್ಗದ ಗಿರಾಕಿಗಳು ಬರುವುದು ನಿಂತಿತು. ಏನೆಂದು ನೋಡಲು ಹೋದರೆ ಅಲ್ಲಿಯ ಸರ್ಕಲ್ಲಿನಲ್ಲಿ ದೊಡ್ಡದೊಂದು ಬ್ಯಾನರು. ಸಾಲಿನ ಒಂದು ಮುಖವೂ ಬಣ್ಣಗೆಟ್ಟಿರಲಿಲ್ಲ. ಜಗಳವಾಡಲೆಂದೇ ಅದನ್ನು ಮಾಡಿದವನ ಅಂಗಡಿಗೆ ನುಗ್ಗಿದೆ. ನಾವಿಬ್ಬರೂ ಅದುವರೆಗೆ ಭೇಟಿಯಾದವರಲ್ಲ. ಆದರೂ ಆತ ನನ್ನನ್ನು ಕಂಡೊಡನೆ ಎದ್ದು ನಿಂತು ಕುರ್ಚಿ ಒರೆಸಿದ.

"ಬರ್ರಿ, ಕೂಡ್ರಿ. ನಿಮ್ಮ ತಲಿ ದಿನಾ ನೋಡ್ತೀನ್ರಿ ನಾನು," ಎಂದ. "ನೀವು ಬರದದ್ದು ಒಂದೂ ಬಿಟ್ಟಿಲ್ಲ."

ಎದುರಿಗಿದ್ದವನು ನನ್ನ ಗಿರಾಕಿಗಳನ್ನು ಕಿತ್ತುಕೊಂಡವನು, ನನ್ನ ಹೊಟ್ಟೆಯ ಮೇಲೆ ಹೊಡೆದವನು. ಅದು ಗೊತ್ತಿದ್ದೂ ನನಗೆ ಖುಷಿಯಾಯಿತು, ನಾಚಿಕೆಗೆಟ್ಟ ಖುಷಿ. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ಕಡೀತನಕ ಓದೀರೇನ್ರಿ?" ಎಂದು ಕೇಳಿದೆ.