ಟಾಪಿನ ಮೇಲೆ ನಿಂತ ನೀರು

ಬೀದಿಗೆಲ್ಲ ‘ಪಾಲಿಶ್ ಅತ್ತಿಗೆ’ಯಾಗಿದ್ದ ಆಕೆ ದೇವರನ್ನು ಬಿಟ್ಟರೆ ಬೇರೆ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೇ ಅವಳ ಕಸುಬು. ಕಾರು ತೊಳೆಯಲು ಸೇರಿ, ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿ, ಸ್ವಂತ ಶೆಡ್ ಹಾಕಿದ್ದಳು. ಫಳಫಳ ಹೊಳೆಯುವ ಕಾರನ್ನೂ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರುವಳು. ಬರಿಗೈಗೆ ಸಿಗದ ತರಿ ಹಾಗೆ ಸಿಗುತ್ತದೆ.

ಈಗ ಮಂಡಿ ಕೈಕೊಟ್ಟಿತ್ತು. ಸೋಮವಾರವೇ ಆಪರೇಷನ್, ಆಮೇಲೆ ಎರಡು ತಿಂಗಳು ಮಂಚ ಎಂದಿದ್ದರು ಡಾಕ್ಟರು. ಅಷ್ಟು ದಿನ ಶೆಡ್ ನೋಡಿಕೊಳ್ಳಲು ಇದ್ದವಳು ನಾದಿನಿ ಒಬ್ಬಳೇ. ಅವಳ ಕೈ ಚುರುಕು, ಮಾತು ಕಮ್ಮಿ. ಆ ಮೌನದ ಮೇಲೇ ಅತ್ತಿಗೆಗೆ ಗುಮಾನಿ.

ಪರೀಕ್ಷೆಗೆಂದು ಒಂದು ಕಪ್ಪು ಕಾರು ಒಪ್ಪಿಸಿದಳು. ಅದರ ಯಜಮಾನ ಧೂಳು ತೆಗೆಯದೆ ಮೇಲಿಂದ ಮೇಲೆ ವ್ಯಾಕ್ಸ್ ಬಳಿದಿದ್ದ. ಇಂಥದ್ದಕ್ಕೆ ಕ್ಲೇ ಬೇಕು. ನಾದಿದ ಹಿಟ್ಟಿನಂತಹ ಆ ಉಂಡೆಯನ್ನು ಸೋಪಿನ ನೀರು ಸಿಂಪಡಿಸಿ ಉಜ್ಜಿದರೆ ಅಂಟಿದ ತರಿ ಬರುತ್ತದೆ, ಜೊತೆಗೆ ವ್ಯಾಕ್ಸೂ ಬರುತ್ತದೆ. ಆಮೇಲೆ ಹೊಸ ವ್ಯಾಕ್ಸ್ ಹಚ್ಚಬೇಕು. ಉಂಡೆ ನೆಲಕ್ಕೆ ಬಿತ್ತೋ, ಮುಗಿಯಿತು. ಅಂಟಿದ ಮರಳು ಬಣ್ಣವನ್ನು ಗೀರುತ್ತದೆ.

ರಕ್ತಪರೀಕ್ಷೆ ಮುಗಿಸಿ ಅತ್ತಿಗೆ ಬಂದಾಗ ನಾದಿನಿ ಇರಲಿಲ್ಲ. ಅತ್ತಿಗೆ ಕಾರಿಗೆ ನೀರು ಚಿಮುಕಿಸಿದಳು. ಬಾನೆಟ್ಟು, ಡೋರುಗಳ ಮೇಲೆ ನೀರು ಹಾಳೆಯಂತೆ ಹರಡಿ ಇಳಿಯಿತು, ಅಂದರೆ ಅಲ್ಲಿ ವ್ಯಾಕ್ಸ್ ಹೋಗಿದೆ. ಕಾರಿನ ನೆತ್ತಿ, ಟಾಪಿನ ಮೇಲೆ ಮಾತ್ರ ಮಣಿಮಣಿಯಾಗಿ ನಿಂತಿತು, ಅಲ್ಲಿ ಹಳೇ ವ್ಯಾಕ್ಸ್ ಹಾಗೇ ಇದೆ. ಕಣ್ಣು ಬೀಳದ ಜಾಗವನ್ನೇ ಹಾರಿಸಿದ್ದಾಳೆ ಅಂದುಕೊಂಡಳು. ಕಸದ ಬುಟ್ಟಿ ಕೆದಕಿದರೆ ಕ್ಲೇ ಉಂಡೆ! ಹಾಗಾದರೆ ಬೀಳಿಸಿದ್ದಾಳೆ. ಬಿದ್ದದ್ದನ್ನೇ ಎತ್ತಿ ಉಜ್ಜಿ, ಆಮೇಲೆ ಎಸೆದಳೋ? ಟಾರ್ಚ್ ಹಿಡಿದು ಡೋರುಗಳನ್ನೆಲ್ಲ ಹುಡುಕಿದಳು. ಒಂದು ಗೀರೂ ಸಿಗಲಿಲ್ಲ. ಸಿಗದಿದ್ದದ್ದು ಇನ್ನೊಂದು ಅನುಮಾನಕ್ಕೆ ಕಾರಣವಾಯಿತು.

ಅಷ್ಟರಲ್ಲಿ ನಾದಿನಿ ಕ್ಲೇಯ ಹೊಸ ಪ್ಯಾಕೆಟ್ ಹಿಡಿದು ಬಂದಳು. ಟಾಪ್ ಬಾಕಿ ಇದೆ, ಉಂಡೆ ಕೈಜಾರಿತು, ಹೊಸದು ತರಲು ಹೋಗಿದ್ದೆ ಎಂದಳು.

“ಬೀರುವಿನ ಡಬ್ಬೀಲಿ ಒಂದು ಇತ್ತಲ್ಲ? ಕಣ್ಣಿಗೆ ಕಾಣಲಿಲ್ವೋ, ಅಂಗಡಿಬೀದಿ ಸುತ್ತೋಕೆ ನೆಪ ಬೇಕಿತ್ತೋ?”

ನಾದಿನಿ ಬೀರುವಿನತ್ತ ಹೋದಳು. ಆ ಡಬ್ಬಿ ತಂದು, ಒಳಗಿನ ಉಂಡೆಯನ್ನು ಬಾಗಿಲ ಬೆಳಕಿಗೆ ಹಿಡಿದು ಅಗಲಿಸಿದಳು. ನಾಲ್ಕೈದು ಮರಳಿನ ಕಾಳು ಮಿನುಗಿದವು.

“ಇದು ನೆಲ ಕಂಡಿದೆ ಅತ್ತಿಗೆ. ನಿಮ್ಮ ಡಬ್ಬಿ ಅಂತ ನಂಬಿಬಿಟ್ಟಿದ್ರೆ ಟಾಪ್ ಪೂರ್ತಿ ಗೀರಾಗ್ತಿತ್ತು.”

ಅತ್ತಿಗೆಗೆ ಹೋದ ವಾರದ ಮಧ್ಯಾಹ್ನ ನೆನಪಾಯಿತು. ಮಂಡಿ ಕುಸಿದಿತ್ತು, ಉಂಡೆ ಬಿದ್ದಿತ್ತು, ನೋಡುವವರು ಯಾರೂ ಇರಲಿಲ್ಲ. ಮೇಲಿನ ಕೊಳೆ ಚಿವುಟಿ, ಅದರಲ್ಲೇ ಒಂದು ಬಿಳಿ ಕಾರಿನ ಕೆಲಸ ಮುಗಿಸಿ, ಉಂಡೆಯನ್ನು ಮತ್ತೆ ಡಬ್ಬಿಗೆ ಹಾಕಿಟ್ಟಿದ್ದಳು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸಲು ಹೊರಟವಳು ತಾನು.

“ಹೋದ ವಾರದ ಬಿಳಿ ಕಾರು...” ಎಂದಳು ನಾದಿನಿ, ಮೆಲ್ಲಗೆ.

ಅತ್ತಿಗೆ ಸ್ಟೂಲಿನ ಮೇಲೆ ಕುಳಿತಳು. “ಅವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಕಾರು ಬಂದ್ರೆ ಸರಿ ಮಾಡೋದು ನೀನೇ. ನಾನು ಸೋಮವಾರ ಆಸ್ಪತ್ರೆಗೆ ಸೇರ್ತೀನಿ.”

ನಾದಿನಿ ತಲೆಯಾಡಿಸಿದಳು. ಆಮೇಲೆ ಬೀರು ಪೂರ್ತಿ ತೆರೆದು, ಅತ್ತಿಗೆಯ ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಬಿಚ್ಚಿ ನೋಡತೊಡಗಿದಳು. ಅತ್ತಿಗೆ ತಡೆಯಲಿಲ್ಲ.