ಪ್ಲಾಸ್ಟಿಕ್ ತೆಗೆಯದ ಹಾಸಿಗೆ

ಬೇರೆಯವರ ಮಲಗುವ ಕೋಣೆಯ ಬಗ್ಗೆ ಓದುವುದೇ ನನ್ನ ಉದ್ಯೋಗ. ಹೀಗೆಂದರೆ ನನ್ನ ಗಂಡನಿಗೆ ಮುಜುಗರ. ಕನ್ನಡದವರು ನಾಲ್ಕು ಜನ ಸೇರಿದ ಕಡೆ ಯಾರಾದರೂ ಕೇಳಿದರೆ "ಅಮೆರಿಕನ್ ಹಿಸ್ಟರಿ" ಎಂದು ಹೇಳಿ ಮಾತನ್ನು ಪೆಟ್ರೋಲಿನ ರೇಟಿನ ಕಡೆಗೆ ತಿರುಗಿಸಿಬಿಡುತ್ತಾನೆ. ಯಾರು ಯಾರ ಜೊತೆ ಮಲಗಬಹುದು, ಮಲಗಬಾರದು ಎಂದು ಅಮೆರಿಕದ ರಾಜ್ಯಗಳ ಕಾನೂನು ಹೇಗೆಲ್ಲ ಹೇಳುತ್ತಾ ಬಂತು, ಆ ಕಾನೂನಿಗೆ ಸಿಕ್ಕಿಬಿದ್ದವರ ಗತಿ ಏನಾಯಿತು ಅನ್ನುವುದು ನನ್ನ ವಿಷಯ. ಮೈಸೂರಿನಲ್ಲಿ ಹುಟ್ಟಿದವಳು ಜರ್ಮನಿಯ ಕಲೋನ್‌ನಲ್ಲಿ ಕೂತು ಅಮೆರಿಕದ ಹಳೇ ಮೊಕದ್ದಮೆಗಳನ್ನು ಯಾಕೆ ಓದಬೇಕು ಎಂದು ನನ್ನಮ್ಮ ಇವತ್ತಿಗೂ ಫೋನಿನಲ್ಲಿ ಕೇಳುತ್ತಾಳೆ.

ಆ ಮೊಕದ್ದಮೆಗಳನ್ನು ಓದುವಾಗ ನನಗೆ ಸಿಟ್ಟು ಬರುವುದು ಪೊಲೀಸರ ಮೇಲಲ್ಲ, ಜಡ್ಜುಗಳ ಮೇಲೂ ಅಲ್ಲ. ಅವರು ಸಂಬಳಕ್ಕೆ ಕೆಲಸ ಮಾಡಿದವರು. ನನಗೆ ಸಿಟ್ಟು ಸಾಕ್ಷಿಗಳ ಮೇಲೆ. ಪಕ್ಕದ ಮನೆಯಾಕೆ, ಹೋಟೆಲಿನ ಗುಮಾಸ್ತ, ಬಟ್ಟೆ ಒಗೆಯಲು ಬರುತ್ತಿದ್ದವಳು. ಕೋಣೆಯಲ್ಲಿ ಎಷ್ಟು ಹಾಸಿಗೆ ಇತ್ತು, ಯಾವುದರ ಚಾದರ ಮುದುರಿತ್ತು, ಯಾವ ದಿಂಬು ಹೊಸದರ ಹಾಗೆ ಉಬ್ಬಿಕೊಂಡಿತ್ತು ಎಂದು ನೋಡಿದವರು, ನೋಡಿದ್ದನ್ನು ಹೇಳಿದವರು. ಬಹಳ ಜನಕ್ಕೆ ದ್ವೇಷವೇನೂ ಇರಲಿಲ್ಲ. ಕಣ್ಣಿಗೆ ಬಿತ್ತು, ಬಾಯಿಗೆ ಬಂತು, ಹೇಳಿದರು. ಕ್ಲಾಸಿನಲ್ಲಿ ಇವರ ವಿಷಯ ಬಂದರೆ ನನ್ನ ದನಿ ತಾನಾಗಿ ಏರುತ್ತದೆ. ವಿದ್ಯಾರ್ಥಿಗಳು ನಗುತ್ತಾರೆ.

ಒಬ್ಬಳು ಮಾತ್ರ ಬೇರೆ ಥರ. ಇಬ್ಬರು ಗಂಡಸರಿಗೆ ಮನೆಯ ಮಹಡಿ ಬಾಡಿಗೆ ಕೊಟ್ಟಿದ್ದ ಒಬ್ಬ ವಿಧವೆ. ವಕೀಲ ಹೇಗೆ ತಿರುಗಿಸಿ ಕೇಳಿದರೂ ತಾನು ನೋಡಲಿಲ್ಲ, ತನಗೆ ಗೊತ್ತಿಲ್ಲ ಎಂದೇ ಹೇಳುತ್ತಾ ಹೋಗುತ್ತಾಳೆ. ಇವಳಿಂದ ಏನೂ ತಿಳಿಯುವುದಿಲ್ಲ ಎಂದು ನಾನು ನನ್ನ ಪುಸ್ತಕದ ಕರಡಿನಲ್ಲಿ ಅವಳನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಉಪಯೋಗವಿಲ್ಲದ ಸಾಕ್ಷಿ ಎಂದು ಬರೆದಿದ್ದೆ.

ನಮ್ಮ ಕನ್ನಡದ ಗುಂಪಿನಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಮೂವತ್ತು ದಾಟಿದ್ದಾರೆ, ಆದರೂ ನಮಗೆ ಹುಡುಗಿಯರೇ. ಒಬ್ಬಳು ತುಮಕೂರಿನವಳು, ಇನ್ನೊಬ್ಬಳು ಬೆಂಗಳೂರಿನವಳು. ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದಾರೆ. ಡಾರ್ಮ್‌ಸ್ಟಾಟ್‌ನಲ್ಲಿ ಒಂದೇ ಮನೆಯಲ್ಲಿದ್ದರು, ಕಲೋನ್‌ಗೆ ಬಂದ ಮೇಲೂ ಒಂದೇ ಮನೆ. ರೂಮ್‌ಮೇಟ್ಸ್ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಇಡೀ ದಿನ ಇಂಥವರ ಬಗ್ಗೆಯೇ ಓದುವ ನನಗೆ ಯಾಕೆ ಹೊಳೆಯಲಿಲ್ಲ ಎಂದರೆ, ನನ್ನ ಲೆಕ್ಕದಲ್ಲಿ ಇಂಥವರು ಇರುವುದು ಕಾಗದದಲ್ಲಿ, ಅದೂ ಅಮೆರಿಕದಲ್ಲಿ. ನನ್ನಿಂದ ದಪ್ಪ ತಳದ ಪಾತ್ರೆ ಇಸಕೊಂಡು ಹೋಗುವ ಹುಡುಗಿಯರು ಇನ್ನೊಂದು ಲೋಕದವರು. ಆ ಪಾತ್ರೆ ಯಾವತ್ತೂ ಖಾಲಿ ವಾಪಸು ಬಂದದ್ದಿಲ್ಲ. ಒಮ್ಮೆ ಕೋಡುಬಳೆ, ಒಮ್ಮೆ ಅವರು ಕೆಡಿಸಿದ ಮೈಸೂರು ಪಾಕು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. "ಖಾಲಿ ಕೊಡಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ ಅಕ್ಕ" ಎನ್ನುತ್ತಿದ್ದಳು ತುಮಕೂರಿನವಳು.

ಹೋದ ಚಳಿಗಾಲದಲ್ಲಿ ಅವರು ದೊಡ್ಡ ಮನೆ ಹಿಡಿದರು. ಮೂರು ತಿಂಗಳಾದ ಮೇಲೆ ತುಮಕೂರಿನವಳ ತಾಯಿ ಊರಿನಿಂದ ಬಂದರು. ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡಿ ನಿವೃತ್ತರಾದ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಇರುವವಳು ಈ ಮಗಳೊಬ್ಬಳೇ. ಅವರು ಬಂದರೆಂದೇ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ನನ್ನ ಪಾತ್ರೆ ಸಜ್ಜಿಗೆಗೆಂದು ಮತ್ತೆ ಹೋಯಿತು.

ಪೂಜೆ ಚೆನ್ನಾಗಿಯೇ ಆಯಿತು. ಮೆಟ್ಟಿಲ ಮೇಲೆ ಚಪ್ಪಲಿ, ಬೂಟುಗಳ ರಾಶಿ ನೋಡಿ ಕೆಳಗಿನ ಮನೆಯ ಮುದುಕ ಗೊಣಗಿದ. ಕರ್ಪೂರದ ಹೊಗೆಗೆ ಚಾವಣಿಯ ಬೆಂಕಿ-ಅಲಾರಂ ರೌಖ್‌ಮೆಲ್ಡರ್ ಕೂಗಿಕೊಳ್ಳದಿರಲಿ ಎಂದು ಬೆಂಗಳೂರಿನವಳು ಕುರ್ಚಿ ಹತ್ತಿ ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದಳು. ಮಂಗಳಾರತಿ ಮುಗಿದ ಮೇಲೆ ನಮ್ಮವರಲ್ಲಿ ಮುಂದಿನ ಕೆಲಸ ಏನು ಎಂದು ಎಲ್ಲರಿಗೂ ಗೊತ್ತು. ಮನೆ ನೋಡುವುದು. ಹೊಸ ಮನೆಗೆ ಕರೆದು ಮನೆ ತೋರಿಸದಿದ್ದರೆ ಹೇಗೆ? ಬಚ್ಚಲಿನಿಂದ ಹಿಡಿದು ಬೀರುವಿನವರೆಗೆ ನೋಡಿ, ಬಾಡಿಗೆ ಎಷ್ಟು ಎಂದು ಕೇಳಿ, ಪರವಾಗಿಲ್ಲ ಎಂದು ಹೇಳಬೇಕು. ಇಲ್ಲಿಯ ಜರ್ಮನರ ಮನೆಗೆ ಹತ್ತು ವರ್ಷ ಹೋಗಿಬಂದರೂ ಅವರು ಮಲಗುವ ಕೋಣೆಯ ಬಾಗಿಲು ಕಾಣುವುದಿಲ್ಲ. ನಾವು ಚಪ್ಪಲಿ ಬಿಟ್ಟ ಹತ್ತು ನಿಮಿಷಕ್ಕೆ ಅಲ್ಲಿ ನಿಂತಿರುತ್ತೇವೆ.

ತಾಯಿಯೇ ಮುಂದೆ ನಿಂತು ತೋರಿಸಿದರು. "ಇದು ನನ್ನ ಮಗಳ ರೂಮು. ಇದು ಅವಳ ಫ್ರೆಂಡ್ ರೂಮು. ನಾನು ಹಾಲಲ್ಲೇ ಸೋಫಾ ಮೇಲೆ ಮಲಗ್ತೀನಿ, ನಂಗೆ ಅದೇ ಸರಿ."

ಎರಡನೇ ಕೋಣೆಯಲ್ಲಿ ನಾಲ್ಕೈದು ಹೆಂಗಸರು ತುಂಬಿಕೊಂಡೆವು. ನನಗೆ ಕಾಲು ನೋಯುತ್ತಿತ್ತು, ಹಾಸಿಗೆಯ ತುದಿಗೆ ಕೂತೆ. ಪರಪರ ಸದ್ದಾಯಿತು. ಹೂವಿನ ಚಾದರ ಎತ್ತಿ ನೋಡಿದರೆ ಕೆಳಗೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ದೀಪದ ವೈರು ಸುತ್ತಿಟ್ಟದ್ದು ಬಿಚ್ಚಿರಲಿಲ್ಲ. ನಾನು ಹುಡುಕಲಿಲ್ಲ, ದೇವರಾಣೆ ಹುಡುಕಲಿಲ್ಲ. ವರ್ಷಗಟ್ಟಲೆ ಅದನ್ನೇ ಓದಿದ ಕಣ್ಣಿಗೆ ಎಲ್ಲ ಒಟ್ಟಿಗೆ ಬಿತ್ತು. ಬಿದ್ದದ್ದು ಬಾಯಿಗೆ ಬಂತು.

"ಅಯ್ಯೋ, ಪ್ಲಾಸ್ಟಿಕ್ಕೇ ತೆಗೆದಿಲ್ವಲ್ಲೇ! ಮೂರು ತಿಂಗಳಾಯ್ತು ಮನೆಗೆ ಬಂದು, ಈ ಬೆಡ್ ಮೇಲೆ ಒಬ್ರೂ ಮಲಗೇ ಇಲ್ಲ ಅನ್ಸುತ್ತೆ!"

ತಮಾಷೆಗೆ ಅಂದದ್ದು. ನಗುತ್ತಲೇ ಅಂದೆ. ಬಾಗಿಲಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ಬೆಂಗಳೂರಿನವಳ ಮುಖ ನೋಡಿದ ಮೇಲೆ ನನ್ನ ನಗು ನಿಂತಿತು. ಅವಳು ಹಾಗೇ ಬಿಳಿಚಿಕೊಂಡಿದ್ದಳು. ಅವಳ ಹಿಂದೆ ತುಮಕೂರಿನವಳು, ಕಣ್ಣು ತಾಯಿಯ ಮೇಲೆ. ಆಗ ನನಗೆ ಗೊತ್ತಾಯಿತು. ಮೊದಲು ಹೇಳಿ, ಆಮೇಲೆ ತಿಳಿದುಕೊಂಡೆ.

ನಮ್ಮ ಗುಂಪಿನ ಹಿರಿಯಾಕೆಯೊಬ್ಬರು ಹಾಸಿಗೆ ನೋಡಿದರು, ಹುಡುಗಿಯರನ್ನು ನೋಡಿದರು.

ತಾಯಿ ಬಗ್ಗಿ ಚಾದರ ಸರಿಮಾಡಿದರು. "ಆ ಹುಡುಗೀನ ಯಾಕ್ರೀ ಆಡಿಕೊಳ್ತೀರ? ಇದು ನಂಗೆ ಅಂತ ತರಿಸಿರೋದು. ಅವಳ ಹಳೇ ಬೆಡ್ಡು ಮುರಿದುಹೋಗಿತ್ತು, ತೆಗೆದುಹಾಕಿದ್ರು, ಸದ್ಯಕ್ಕೆ ಕೆಳಗೇ ಹಾಸ್ಕೊಂಡು ಮಲಗ್ತಾಳೆ. ನಂಗೆ ಈ ಮೆತ್ತನೇದು ಸೊಂಟಕ್ಕೆ ಆಗಲ್ಲ. ಪ್ಲಾಸ್ಟಿಕ್ ತೆಗೆದ್ರೆ ಅಂಗಡಿಯವರು ವಾಪಸ್ ತಗೊಳಲ್ವಂತೆ. ಅದಕ್ಕೇ ನಾನೇ ತೆಗೀಬೇಡಿ ಅಂದೆ. ಬನ್ನಿ ಬನ್ನಿ, ಎಲೆ ಹಾಕಿದ್ದಾರೆ."

ಎಷ್ಟು ಸಲೀಸಾಗಿ ಹೇಳಿದರೆಂದರೆ ಅರ್ಧ ಜನ ನಂಬಿದರು. ಇಲ್ಲಿ ಸಾಮಾನು ವಾಪಸ್ಸು ಮಾಡುವುದರಲ್ಲಿ ಪಳಗಿದವರೇ ಎಲ್ಲರೂ, ಊಟಕ್ಕೆ ಕೂತಾಗ ಮಾತು ಅದೇ ಆಯಿತು. ಬೆಂಗಳೂರಿನವಳು ಪಂಕ್ತಿಯಲ್ಲಿ ಎರಡು ಸಲ ಬಡಿಸಲು ಬಂದಳು, ಎರಡು ಸಲವೂ ನನ್ನನ್ನು ದಾಟಿ ಮುಂದೆ ಹೋದಳು.

ಕಾರಿನಲ್ಲಿ ಗಂಡ ಒಂದೇ ಮಾತು ಕೇಳಿದ. "ನಿಂಗ್ಯಾಕೆ ಬೇಕಿತ್ತು?"

"ತಮಾಷೆಗೆ ಅಂದೆ" ಎಂದೆ. ನನ್ನ ಸಾಕ್ಷಿಗಳಲ್ಲೂ ಕೆಲವರು ಆಮೇಲೆ ಹೀಗೇ ಹೇಳಿಕೊಂಡಿದ್ದಾರೆ.

ಆ ವಾರ ನಾನು ಏನೂ ಬರೆಯಲಿಲ್ಲ. ಕಡತ ತೆರೆದರೆ ಪರಪರ ಸದ್ದು ಕೇಳಿಸುತ್ತಿತ್ತು. ಫೋನ್ ಮಾಡಿ ಕ್ಷಮೆ ಕೇಳೋಣ ಎಂದರೆ, ಯಾವುದಕ್ಕೆ ಎಂದು ಹೇಳಬೇಕು? ಕೇಳಿದರೆ ಗೊತ್ತಾಯಿತು ಎಂದು ಒಪ್ಪಿಕೊಂಡ ಹಾಗೆ, ಕೇಳದಿದ್ದರೆ ಕೊಬ್ಬು. ಈ ದೇಶದಲ್ಲಿ ಅವರಿಬ್ಬರು ಬೇಕೆಂದರೆ ನಾಳೆಯೇ ಮದುವೆ ನೋಂದಣಿಯ ಕಚೇರಿಯಾದ ಸ್ಟಾಂಡೆಸಾಮ್ಟ್‌ಗೆ ಹೋಗಿ ಮದುವೆಯಾಗಬಹುದು, ಕಾನೂನಿನ ಅಡ್ಡಿಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾನೂನು ಅವರನ್ನು ಏನೂ ಮಾಡುತ್ತಿರಲಿಲ್ಲ, ನಿಜ. ಅದು ಸತ್ಯನಾರಾಯಣ ಪೂಜೆಗೆ ಬಂದು ಹಾಸಿಗೆಯ ಮೇಲೆ ಕೂರುವುದಿಲ್ಲ.

ಮುಂದಿನ ಶನಿವಾರ ಬೆಲ್ಲಾಯಿತು. ತಾಯಿ ಒಬ್ಬರೇ ಬಂದಿದ್ದರು, ಟ್ರಾಮಿನಲ್ಲಿ. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ನನ್ನ ಪಾತ್ರೆ. ಮುಚ್ಚಳದ ಸಮೇತ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಕೂತರು. ಕಾಫಿ ಬೇಡವೆಂದರು, ನೀರು ಕುಡಿದರು.

"ಆಂಟಿ, ನಾನು ಅವತ್ತು..."

"ಬೈಯೋಕೆ ಬಂದಿಲ್ಲ ಕಣಮ್ಮ" ಎಂದರು. "ನಂಗೊಂದು ವಿಷಯ ಹೇಳಿ. ನೀವು ಇಂಥದ್ದನ್ನೇ ಓದೋದಂತೆ. ನನ್ನ ಮಗಳು ಹೇಳಿದ್ಲು."

ಹೇಳಿದೆ. ಅಮೆರಿಕ, ಕಾನೂನು, ಕೋರ್ಟು. ಏನು ಹೇಳಬೇಕೆಂದು ತಿಳಿಯದೆ ಆ ಬಾಡಿಗೆಮನೆಯ ವಿಧವೆಯ ವಿಷಯವನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಅವಳಿಗೆ ಎಲ್ಲಾ ಗೊತ್ತಿತ್ತು" ಎಂದರು. "ಮನೆ ಒರೆಸೋರಿಗೆ ಗೊತ್ತಾಗದೆ ಇರುತ್ತಾ?"

ಲೋಟ ಪಕ್ಕಕ್ಕೆ ಸರಿಸಿದರು. "ನಂಗೂ ಗೊತ್ತಿತ್ತು. ನನ್ನ ಮಗಳು ಇಂಜಿನಿಯರಿಂಗ್ ಓದೋವಾಗ್ಲಿಂದ ಗೊತ್ತು. ಮೊದಮೊದಲು ಅತ್ತೆ, ದೇವರಿಗೆ ಹರಕೆ ಹೊತ್ತೆ, ಎಲ್ಲಾ ಮಾಡಿದೆ. ಆಮೇಲೆ ಸಾಕಾಯ್ತು. ಈ ಹುಡುಗಿ ಒಳ್ಳೇವಳು, ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತಾಳೆ. ಮಗಳು ತಾನಾಗೇ ಬಂದು ಅಮ್ಮ ಹಿಂಗೆ ಅಂತ ಹೇಳಲಿ, ನಗ್ತಾ ಹೇಳಲಿ, ನಾನೂ ನಕ್ಕು ನಂಗೆ ಯಾವಾಗ್ಲೋ ಗೊತ್ತು ಹೋಗೇ ಅನ್ನಬೇಕು ಅಂತ ಇದ್ದೆ. ಅದಕ್ಕೇ ಕಣಮ್ಮ ನಾನು ಹಾಲಲ್ಲಿ ಮಲಗ್ತಿದ್ದಿದ್ದು, ಯಾರು ಯಾವ ರೂಮಿಗೆ ಹೋಗ್ತಾರೆ ಅಂತ ಕಾಣಬಾರದು ಅಂತ ಬಾಗಿಲು ಹಾಕ್ಕೊಂಡು. ಈ ಸಲ ಹೇಳ್ತಾಳೆ ಅನ್ನಿಸಿತ್ತು. ಎರಡು ಸಲ ಬಾಯಿ ತನಕ ಬಂದು ನಿಂತಿತ್ತು ಅವಳಿಗೆ."

ನಾನು ಅವರ ಲೋಟಕ್ಕೆ ಮತ್ತೆ ನೀರು ಹಾಕಿದೆ.

"ಪೂಜೆ ದಿನ ನೀವೆಲ್ಲ ಹೋದ ಮೇಲೆ ಹೇಳಿದ್ಲು. ಹೇಗೆ ಗೊತ್ತಾ? ಕೈ ಮುಗಿದು. ತಪ್ಪಾಯ್ತಮ್ಮ, ಎಲ್ರ ಮುಂದೆ ನಿನ್ನ ಮಾನ ಕಳೆದುಬಿಟ್ಟೆ ಅಂತ ನನ್ನ ಕಾಲು ಹಿಡ್ಕೊಂಡ್ಲು. ಆ ಹುಡುಗಿ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ನಂಗೆ ಗೊತ್ತು ಕಣೇ, ಗೊತ್ತು ಕಣೇ ಅಂತ ಎಷ್ಟು ಸಲ ಅಂದ್ರೂ ಅವಳಿಗೆ ಕೇಳಿಸ್ಲಿಲ್ಲ. ಸಿಕ್ಕಿಬಿದ್ದೆ ಅನ್ನೋದೇ ತಲೇಲಿ. ಇನ್ಮೇಲೆ ನಾನು ಏನಂದ್ರೂ, ಅಮ್ಮ ನನ್ನ ಸಮಾಧಾನಕ್ಕೆ ಹೇಳ್ತಾಳೆ ಅನ್ಕೋತಾಳೆ."

ನನ್ನ ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ಎಂದೆ. ಎಷ್ಟು ಸಣ್ಣ ಮಾತು ಅದು, ಹೇಳುತ್ತಿದ್ದ ಹಾಗೇ ನಾಚಿಕೆಯಾಯಿತು. ಅವರು ನನ್ನ ಕೈ ಮೇಲೆ ಕೈಯಿಡಲಿಲ್ಲ, ಸಿಡುಕಲೂ ಇಲ್ಲ. ಎದ್ದು ಚೀಲ ಮಡಚಿಕೊಂಡರು.

"ನೋಡಬಾರದು ಅಂತಿಲ್ಲ" ಎಂದರು ಚಪ್ಪಲಿ ಹಾಕಿಕೊಳ್ಳುತ್ತಾ. "ಎಲ್ರೂ ನೋಡ್ತೀವಿ. ಸ್ವಲ್ಪ ತಡಕೊಂಡಿದ್ರೆ ಆಗಿತ್ತು."

ಟ್ರಾಮ್ ನಿಲ್ದಾಣದವರೆಗೆ ಬರುತ್ತೇನೆಂದೆ. ದಾರಿ ಗೊತ್ತು, ಬೇಡ ಎಂದರು. ಕಿಟಕಿಯಲ್ಲಿ ನಿಂತು ಅವರು ತಿರುವು ದಾಟುವವರೆಗೆ ನೋಡಿದೆ. ಆಮೇಲೆ ಒಳಗೆ ಬಂದು ಪಾತ್ರೆಯನ್ನು ಎತ್ತಿಡಲು ಹೋದೆ. ಹಗುರವಾಗಿತ್ತು. ಮುಚ್ಚಳ ತೆಗೆದೆ. ತಳ ಫಳಫಳ ಹೊಳೆಯುವಂತೆ ಉಜ್ಜಿ, ಒಂದು ಹನಿ ನೀರಿಲ್ಲದಂತೆ ಒರೆಸಿದ್ದರು. ಒಳಗೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ.