ಅಂಗಳದ ಎಣ್ಣೆಹನಿ, ಅಕ್ಕನ ತಂಗಾಳಿ

ನಮ್ಮ ಮನೆಯ ಅಂಗಳದಲ್ಲಿ ರೊಟ್ಟಿಯಗಲದ ಒಂದು ಕಪ್ಪು ಕಲೆಯಿದೆ. ಸೋಡಾ, ಬೂದಿ, ಸೀಮೆಎಣ್ಣೆ, ನನ್ನ ಹೆಂಡತಿ ಸುಜಾತಾಳ ಸಿಟ್ಟು, ಇವುಗಳಲ್ಲಿ ಯಾವುದಕ್ಕೂ ಜಗ್ಗದ ಕಲೆ ಅದು. ನಮ್ಮ ಹಳೆಯ ಕಾರು ನಿಂತಲ್ಲೇ ಹನಿಹನಿಯಾಗಿ ತೊಟ್ಟಿಕ್ಕುವ ಎಂಜಿನ್ ಎಣ್ಣೆಯ ಕೊಡುಗೆ. ಬೆಳಿಗ್ಗೆ ರಂಗೋಲಿ ಹಾಕಲು ಬಂದ ಸುಜಾತಾ ಅದನ್ನು ನೋಡಿ, "ಇದೊಂದು ಸೋರೂದು ಬಂದ್ ಮಾಡಿಸ್ರಿ, ಅಂಗಳ ಹೋಗಿ ಗ್ಯಾರೇಜ್ ಆಗೇತಿ" ಎನ್ನುವುದು, ನಾನು ಪತ್ರಿಕೆಯ ಮರೆಯಿಂದ "ಈ ವಾರ" ಎನ್ನುವುದು, ಇವೆರಡೂ ವಿಜಯಪುರದ ನಮ್ಮ ಓಣಿಯಲ್ಲಿ ಸೂರ್ಯೋದಯದಷ್ಟೇ ನಿಯತವಾಗಿ ನಡೆದುಬಂದಿದ್ದವು.

ಕಾರಿನ ಮೇಲೆ ನನಗೆ ಪ್ರೀತಿ ಇಲ್ಲವೆಂದು ನೀವು ತಿಳಿಯಬಾರದು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಹಳೆಯದರ ಮೇಲೆ ಮಮತೆ ಸಹಜವೇ. ಪಕ್ಕದ ಮನೆಯವರ ಕಾರಿಗೆ ಅಮಾವಾಸ್ಯೆಗೊಮ್ಮೆ ತೆಂಗಿನಕಾಯಿ, ನಿಂಬೆಹಣ್ಣಿನ ಸತ್ಕಾರ. ನಮ್ಮದು ಬೌದ್ಧ ಮನೆತನವಾದ್ದರಿಂದ ನಮ್ಮ ಕಾರಿಗೆ ಬುದ್ಧಪೂರ್ಣಿಮೆಗೆ ಒಂದು ಮಲ್ಲಿಗೆ ಹಾರ. ಆದರೆ ಸ್ನಾನದ ವಿಷಯದಲ್ಲಿ ನನ್ನ ಕಾರಿಗೆ ಸರಿಸಾಟಿಯಿರಲಿಲ್ಲ. ಬೋರಿನ ಉಪ್ಪುಪ್ಪು ಸವಳು ನೀರಿನ ಪೈಪು ಹಿಡಿದು ದಿನವೂ ಮೈ ತೊಳೆಯುತ್ತಿದ್ದೆ. ತೊಳೆದದ್ದು ಸಾಲದೆಂದು ಹಿಂದಿನ ಚಕ್ರಗಳ ನಡುವೆ ಪೈಪು ತೂರಿಸಿ ಹೊಟ್ಟೆಯನ್ನೂ ನೆನೆಸುತ್ತಿದ್ದೆ. ಎಂಜಿನ್ನಿಗೆ ನೀರು ಹೊಕ್ಕೀತೆಂಬ ಭಯದಿಂದ ಮುಂಭಾಗದ ಅಡಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಲ್ಲಿನ ಎಣ್ಣೆ, ಎರೆಮಣ್ಣಿನ ಧೂಳು ಎರಡೂ ಕಲೆತು ಅಂಟಿಕೊಂಡ ಕೊಳೆಯನ್ನು ನೆನೆದರೆ ನನಗೇ ನಾಚಿಕೆಯಾಗುತ್ತಿತ್ತು.

ಈ ಕಾರಿನ ನಿಜವಾದ ಒಡತಿ ಬಿಜ್ಜರಗಿಯಲ್ಲಿರುವ ನನ್ನ ಅಕ್ಕ ರಮಾಬಾಯಿ. ಪ್ರತಿ ಭಾನುವಾರ ನಾನು ಟಿಕೋಟಾ ದಾಟಿ ಹೋಗಿ ಅವಳನ್ನು ಕರೆತರುತ್ತೇನೆ. ಬುದ್ಧವಿಹಾರದಲ್ಲಿ ವಂದನೆ, ಗೆಳತಿಯರೊಡನೆ ಹರಟೆ, ನಮ್ಮ ಮನೆಯಲ್ಲಿ ಊಟ ಮುಗಿಸಿ ಸಂಜೆ ತನ್ನ ಆಡುಗಳ ಬಳಿಗೆ ಮರಳುತ್ತಾಳೆ. ವಾರವಿಡೀ ಅವಳು ಕಾಯುವುದು ಈ ಒಂದು ದಿನಕ್ಕಾಗಿ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಅವಳಿಗೆ ಆಗದು. ಅವಳ ಮಗ ಹೊಸದಾಗಿ ಕೊಂಡ ಎತ್ತರದ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ, ಅದರ ಬಾಗಿಲು ಹಿಡಿದು ನಿಂತು, "ಗಾಡಿ ಛಲೋ ಐತಿ, ಇದರ ನಿಚ್ಚಣಿಕಿ ಎಲ್ಲಿ ಇಟ್ಟಿಯೋ?" ಎಂದು ಕೇಳಿದವಳು ಅವಳು. ನಮ್ಮ ಕಾರೋ, ನೆಲಕ್ಕೆ ಹತ್ತಿರ. ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಕಾಲು ಒಳಗೆಳೆದುಕೊಂಡರಾಯಿತು.

ಕಳೆದ ಮಳೆಗಾಲದ ಒಂದು ಭಾನುವಾರ ಟಿಕೋಟಾ ಸಮೀಪಿಸುತ್ತಿದ್ದಾಗ ಅಕ್ಕ ಹಿಂದಿನಿಂದ, "ಲೇ ತಮ್ಮಾ, ಎ.ಸಿ. ಹಾಕಿಸಿಯೇನು? ಕಾಲಿಗೆ ತಣ್ಣಗ ಗಾಳಿ ಬರಾಕತ್ತೇತಿ" ಎಂದಳು. ಹೊಗಳಿಕೆಗೆ ಬೇಗ ಕರಗುವ ನಾನು, ಕಾರು ಚೆನ್ನಾಗಿ ಇಟ್ಟುಕೊಂಡರೆ ಹೀಗೆಯೇ ಎಂಬರ್ಥದ ಏನನ್ನೋ ಹೇಳುತ್ತಿದ್ದೆ. ಅಷ್ಟರಲ್ಲಿ ಚಕ್ರ ಒಂದು ಗುಂಡಿಗೆ ಇಳಿಯಿತು. "ಯಪ್ಪಾ! ನೀರೂ ಬರ್ತಾವಲ್ಲೋ!" ಗಾಡಿ ನಿಲ್ಲಿಸಿ ರಬ್ಬರ್ ಚಾಪೆ ಎತ್ತಿದೆ. ಅಂಗೈಯಗಲದ ತೂತಿನೊಳಗಿಂದ ಟಿಕೋಟಾದ ರಸ್ತೆ ನನ್ನನ್ನೇ ನೋಡುತ್ತಿತ್ತು. ಸುತ್ತಲಿನ ತಗಡು ಬೆರಳಿಟ್ಟರೆ ಹಪ್ಪಳದಂತೆ ಮುರಿಯಿತು.

ಮುಂದಿನ ತಿಂಗಳು ಕಾರಿಗೆ ಹದಿನೈದು ತುಂಬುವುದಿತ್ತು. ನೋಂದಣಿ ನವೀಕರಣಕ್ಕೆ ಅಧಿಕಾರಿ ಪರೀಕ್ಷೆ ಮಾಡುವಾಗ ಇದನ್ನು ಕಂಡರೆ ಕಾರು ನೇರ ಗುಜರಿಗೆ. ನನ್ನ ಮುಖ ನೋಡಿದ ಅಕ್ಕನಿಗೆ ಅರ್ಥವಾಯಿತು. "ಗಾಡಿ ಹೋತಂದ್ರ ನಾ ಬರೂದೂ ಬಂದ್ ಅಲ್ಲೇನೋ?" ಎಂದು ನಗುತ್ತಲೇ ಕೇಳಿದಳು. ನಗು ತುಟಿಯಲ್ಲಷ್ಟೇ ಇತ್ತು. ನಾನು ಚಾಪೆಯನ್ನು ಮತ್ತೆ ತೂತಿನ ಮೇಲೆ ಎಳೆದು ಗಾಡಿ ಶುರುಮಾಡಿದೆ.

ಅಂದು ವಿಹಾರದಲ್ಲಿ ಮಾತಾಡುವ ಸರದಿ ನನ್ನದೇ, ವಿಷಯ, ಅನಿತ್ಯ. ಹುಟ್ಟಿದ್ದೆಲ್ಲ ಕ್ಷಯಿಸುತ್ತದೆ, ಅಂಟಿಕೊಂಡವನಿಗೆ ದುಃಖ ತಪ್ಪದು ಎಂದು ಬಹಳ ಗಂಭೀರವಾಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಕ್ಕ ನನ್ನನ್ನೇ ದಿಟ್ಟಿಸುತ್ತಿದ್ದಳು. ಮರುದಿನ ಬೆಳಿಗ್ಗೆ ನಾನು ಅನಿತ್ಯಕ್ಕೆ ಬೆಸುಗೆ ಹಾಕುವವರನ್ನು ಹುಡುಕುತ್ತ ಹೊರಟೆ.

ಟಿಕೋಟಾ ರಸ್ತೆಯ ಮೆಹಬೂಬ್ ಮೇಸ್ತ್ರಿ ನನಗೆ ಹಳೆಯ ಪರಿಚಯ. ನನ್ನ ಹಾಗೆಯೇ ತಿಳಿದದ್ದಕ್ಕಿಂತ ಹೆಚ್ಚು ಮಾತಾಡುವವನು. "ಬಿಜಾಪುರದಾಗ ಜಂಗು ಎಲ್ಲಿದ್ರಿ ಸರ? ಅದು ಸಮುದ್ರದ ದಂಡಿ ಊರಿನವರ ಬ್ಯಾನಿ. ಇಲ್ಲಿ ಮಳಿನ ಇಲ್ಲ, ಕಬ್ಬಿಣ ಕೊಳೀತೈತಿ ಹ್ಯಾಂಗ?" ಎಂದು ಧೈರ್ಯ ಹೇಳುತ್ತಲೇ ಕಾರನ್ನು ಮೇಲೆತ್ತಿದ. ಇಬ್ಬರೂ ಅಡಿಯಲ್ಲಿ ನಿಂತು ಕತ್ತೆತ್ತಿದೆವು.

ನಾನು ದಿನವೂ ಮೀಯಿಸಿದ ಹಿಂಭಾಗವೆಲ್ಲ ಕೆಂಪು ಹುಣ್ಣು. ಸವಳು ನೀರು ಪದರಪದರವಾಗಿ ತಿಂದಿತ್ತು. ನಾನು ಮುಟ್ಟಲು ಹೇಸಿದ ಮುಂಭಾಗದಲ್ಲಿ ಮೇಸ್ತ್ರಿ ಆ ಕಪ್ಪು ಜಿಡ್ಡನ್ನು ಕೆರೆದರೆ ಒಳಗೆ ಕಾರ್ಖಾನೆಯ ಬಣ್ಣ ಇನ್ನೂ ಹೊಳೆಯುತ್ತಿತ್ತು. ಸೋರಿದ ಎಣ್ಣೆ ಓಟದ ಗಾಳಿಗೆ ಹರಡಿ ಅಷ್ಟಗಲಕ್ಕೆ ನೀರು ತಾಗಗೊಟ್ಟಿರಲಿಲ್ಲ. "ಅರೇ ಸರ, ಹೊಲಸು ಇದ್ದಲ್ಲಿ ಹೊಸಾದೈತಿ, ಸ್ವಚ್ಛ ಇದ್ದಲ್ಲಿ ಖಲಾಸ್!" ಎಂದು ಮೇಸ್ತ್ರಿ ತನ್ನ ಸಿದ್ಧಾಂತವನ್ನು ಅಲ್ಲೇ ಬದಲಿಸಿದ.

ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ತುಕ್ಕು ಉಜ್ಜಿ, ರಬ್ಬರಿನಂಥ ದಪ್ಪ ಕಪ್ಪು ಲೇಪ ಬಳಿದದ್ದಾಯಿತು. ಎಣ್ಣೆ ಸೋರುವ ಕಡೆ ಹೊಸ ಸೀಲು ಕೂಡಿಸಿದೆವು. ಪರೀಕ್ಷೆಯ ದಿನ ಅಧಿಕಾರಿ ಮಂಡಿಯೂರಿ ಅಡಿಯನ್ನು ಇಣುಕುವಾಗ ನಾನು ಯಾವ ಅನಿತ್ಯವನ್ನೂ ಸ್ಮರಿಸಲಿಲ್ಲ. ಆತ ಎದ್ದು ಮಣ್ಣು ಕೊಡವಿಕೊಂಡು, "ಕೆಳಗ ಛಲೋ ಕಾಳಜಿ ಮಾಡೀರಿ" ಎಂದ. ಅದೇ ಸಂಜೆ ಅಕ್ಕನಿಗೆ ಫೋನು ಮಾಡಿದೆ. "ಅಂದ್ರ ಆಯ್ತವಾರ ಬರ್ತಿ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಆ ಭಾನುವಾರ ಹಿಂದೆ ಕೂತವಳು ಕಾಲಿನಿಂದ ನೆಲವನ್ನು ತಡವಿ, "ಎಲ್ಲಾ ಮುಚ್ಚಿಸಿಬಿಟ್ಟಿ. ಬ್ಯಾಸಗ್ಯಾಗ ನನಗ ಗಾಳಿ?" ಎಂದು ಗೊಣಗಿದಳು. ಟಿಕೋಟಾ ದಾಟುವುದರೊಳಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು.

ಎಣ್ಣೆಯೇ ತಗಡನ್ನು ಕಾಪಾಡಿದ ಗ್ಯಾರೇಜಿನ ಕಥೆಯನ್ನು ನಾನು ಸುಜಾತಾಳಿಗೆ ಹಲವು ಬಾರಿ ಹೇಳಿದ್ದೆ. ಪ್ರತಿ ಬಾರಿಯೂ ಅವಳು ಕೇಳದವಳಂತೆ ಅಕ್ಕಿ ಆರಿಸುತ್ತಿದ್ದಳು. ಹೊಸ ಸೀಲು ಚಳಿಗಾಲದವರೆಗೆ ತಡೆಯಿತು. ಮೊನ್ನೆ ಬೆಳಿಗ್ಗೆ ಹಳೆಯ ಕಲೆಯ ನಟ್ಟನಡುವೆ ಹೊಸದೊಂದು ಹನಿ ಹೊಳೆಯುತ್ತಿತ್ತು. ಬೈಗುಳಕ್ಕೆ ಸಿದ್ಧನಾಗಿ ನಾನು ಪತ್ರಿಕೆ ಎತ್ತಿ ಹಿಡಿದೆ. ಸುಜಾತಾ ಬಂದಳು, ಹನಿಯನ್ನು ನೋಡಿದಳು. "ಈ ವಾರ..." ಎಂದು ನಾನೇ ಶುರುಮಾಡಿದೆ.

"ಇರ್ಲಿ ಬಿಡ್ರಿ, ಅಕ್ಕಾರು ಬರೂ ಗಾಡಿ" ಎಂದವಳೇ, ರಂಗೋಲಿಯನ್ನು ಒಂದು ಗೇಣು ಆಚೆಗೆ ಸರಿಸಿ ಹಾಕತೊಡಗಿದಳು.